ನಾಲ್ಕನೆಯ ಹಾಡಿಗೆ ಎಂಟೂವರೆ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ನೆನಪಿನಿಂದ ಹೇಳುತ್ತಿಲ್ಲ, ಆ ಹೊತ್ತು ನನ್ನ ಕೈಬರಹದಲ್ಲೇ ಇದೆ. ಇನ್ನೂರು ಪುಟದ ಗೆರೆಯ ನೋಟ್‌ಬುಕ್ಕು. ಎಡ ಅಂಚಿನಲ್ಲಿ ಹಾಡು ಶುರುವಾದ ಹೊತ್ತು, ನಡುವೆ ಹಾಡಿನ ಬಗ್ಗೆ ಒಂದು ಸಾಲು, ಬಲಕ್ಕೆ ಹತ್ತಕ್ಕೆ ಎಷ್ಟು ಅಂಕ ಎಂಬುದು. ಆ ದಿನದ ಪುಟದ ನಾಲ್ಕನೆಯ ಸಾಲಿನಲ್ಲಿ ೩.೨೨ ಎಂದಿದೆ. ಬಲಕ್ಕೆ ಎಂಟೂವರೆ. ಹೇಳಬೇಕಾದದ್ದು ಆ ಎಂಟೂವರೆಯ ಕತೆಯನ್ನೇ. ಆದರೆ ಅಷ್ಟು ಧೈರ್ಯ ಒಮ್ಮೆಲೇ ಬರುವುದಿಲ್ಲ. ಸ್ವಲ್ಪ ಅಡ್ಡದಾರಿ ಹಿಡಿದು ಬರುತ್ತೇನೆ, ಸಹಿಸಿಕೊಳ್ಳಿ.

ಹಾಡಿಗೆ ಅಂಕ ಕೊಡುವ ಚಟ ನನಗೆ ಅಂಟಿದ್ದು ನಾಲ್ಕನೆಯ ಇಯತ್ತೆಯಲ್ಲಿ. ಅಪ್ಪ ಹೈಸ್ಕೂಲಿನಲ್ಲಿ ಮಾಸ್ತರರು. ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಗಳ ಗಂಟು ಮನೆಗೆ ಬರುತ್ತಿತ್ತು. ಅಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು, ಒಂದು ತುದಿ ಕೆಂಪು ಒಂದು ತುದಿ ನೀಲಿ ಇದ್ದ ಪೆನ್ಸಿಲಿನಿಂದ ಗೀಚುತ್ತಿದ್ದರು. ಹೆಬ್ಬೆರಳಿನಷ್ಟು ಉಳಿದ ಪೆನ್ಸಿಲು ನನಗೆ. ತಿದ್ದುವುದಕ್ಕೆ ನನ್ನ ಬಳಿ ಪತ್ರಿಕೆ ಇರಲಿಲ್ಲ, ರೇಡಿಯೊ ಇತ್ತು. ನಮ್ಮ ಕಡೆ ರೇಡಿಯೊದ ಮುಳ್ಳನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿದರೆ ಮರಾಠಿ, ಈಚೆ ತಿರುಗಿಸಿದರೆ ಕನ್ನಡ. ಎರಡಕ್ಕೂ ನಾನೇ ಪರೀಕ್ಷಕ. ಅಪ್ಪ ಬರೆಯುವ ಷರಾಗಳನ್ನೇ ನಾನೂ ಬರೆಯುತ್ತಿದ್ದೆ. ‘ಆರಂಭ ಚೆನ್ನಾಗಿದೆ, ಕೊನೆಗೆ ಅವಸರ.’ ‘ಅಕ್ಷರ ಸುಧಾರಿಸಬೇಕು.’ ಹಾಡಿಗೆ ಎಂಥ ಅಕ್ಷರ ಎಂದು ನೀವು ಕೇಳಬಹುದು. ನನಗೂ ಗೊತ್ತಿರಲಿಲ್ಲ, ಬರೆದರೆ ತೂಕ ಬರುತ್ತಿತ್ತು, ಅಷ್ಟೆ.

ಆ ಪುಸ್ತಕಕ್ಕಿದ್ದ ಒಬ್ಬನೇ ಓದುಗ ಪದ್ಮಣ್ಣ ಮಾಮಾ, ಅವ್ವನ ತಮ್ಮ. ರಾಯಬಾಗ ತಾಲೂಕಿನಲ್ಲಿ, ಮುಗಳಖೋಡದಿಂದ ಮೂರು ಮೈಲಿ ಒಳಗೆ ಅವರ ತೋಟ, ತೋಟದಲ್ಲೇ ಮನೆ. ಒಂದು ಸಲ ತಂಬಾಕು ಮಾರಲು ನಿಪ್ಪಾಣಿಗೆ ಹೋದವರು ತಲೆಯ ಮೇಲೆ ಟೇಪ್ ರೆಕಾರ್ಡರ್ ಹೊತ್ತು ಬಂದರು. ಸೂಟಿಯಲ್ಲಿ ನಾನು ಹೋದಾಗೆಲ್ಲ ಒಂದು ಹೊಸ ಸಿನಿಮಾದ ಕ್ಯಾಸೆಟ್ಟು ತೆಗೆದಿಟ್ಟಿರುತ್ತಿದ್ದರು. ಎರಡೂ ಮಗ್ಗುಲು ಮುಗಿಯುವ ತನಕ ನನ್ನ ಎದುರಿಗೆ ಕೂತು, ‘ಎಷ್ಟ ಕೊಟ್ಟೆಲೇ?’ ಎಂದು ಪುಸ್ತಕದೊಳಗೆ ಇಣುಕುತ್ತಿದ್ದರು. ಅವರಿಗೆ ಸೇರಿದ ಹಾಡಿಗೆ ನಾನು ಐದು ಹಾಕಿದರೆ ಚೌಕಾಸಿ ಶುರು. ‘ಇನ್ನೊಂದರ್ಧ ಹಾಕಲೇ, ಬಡಪಾಯಿ ಕಷ್ಟಪಟ್ಟು ಹಾಡ್ಯಾನ.’ ನಾನು ಹಾಕುತ್ತಿರಲಿಲ್ಲ. ಪರೀಕ್ಷಕನೆಂದರೆ ಹಾಗೇ ಇರಬೇಕು ಎಂಬ ಗರ್ವ.

ಚಟ ಬಿಡಲಿಲ್ಲ, ಬೆಳೆಯಿತು. ಎಂ.ಎಸ್ಸಿ. ಮಾಡಿ, ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕನಾಗಿ, ತಲೆಯ ನಡುವೆ ಕೂದಲು ತೆಳುವಾದ ಮೇಲೂ ನಡೆದೇ ಇತ್ತು. ಕ್ಯಾಸೆಟ್ಟು ಹೋಗಿ ಫೋನು ಬಂತು. ನಿಯಮಗಳು ಬಿಗಿಯಾದವು. ಮೊದಲ ಸಲ ಕೇಳಿದಾಗ ಅನಿಸಿದ್ದೇ ಅಂಕ. ಎರಡನೆಯ ಸಲ ಕೇಳಿ ತಿದ್ದುವಂತಿಲ್ಲ. ನಡುವೆ ನಿಲ್ಲಿಸುವಂತಿಲ್ಲ. ಹಾಡು ಮುಗಿದ ತಕ್ಷಣ ಬರೆಯಬೇಕು. ಯಾರು ಕರೆದರೂ ಕೈ ಎತ್ತಿ ‘ತಡೀರಿ’ ಎನ್ನುವುದು. ನನ್ನ ಮದುವೆಗೆ ಒಂದು ಸಂಬಂಧ ಬಂದಾಗ ಹುಡುಗಿಯ ಅಣ್ಣನಿಗೂ ಹೀಗೆ ಕೈ ಎತ್ತಿದ್ದೆ. ಅವನು ತಡೆದ, ಇನ್ನೂ ತಡೆದೇ ಇದ್ದಾನೆ.

ಈಚೆಗೆ ಒಂದು ಬಗೆಯ ಆಲ್ಬಮ್‌ಗಳು ಬರುತ್ತಿವೆ. ಸಿನಿಮಾ ಇರುವುದಿಲ್ಲ, ಆದರೆ ಸಿನಿಮಾದಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಕತೆ. ಎಂಟೋ ಹತ್ತೋ ಹಾಡು, ಒಂದರ ಬಾಲ ಹಿಡಿದು ಇನ್ನೊಂದು. ನಡುನಡುವೆ ಬಾಗಿಲು ತೆರೆದ ಸದ್ದು, ರೈಲಿನ ಸದ್ದು, ಯಾರೋ ಕೆಮ್ಮಿದ ಸದ್ದು, ಎಲ್ಲ ಕತೆಯ ಪಾಲು. ಇಂಥದ್ದನ್ನು ಬಿಡಿಬಿಡಿಯಾಗಿ ಕೇಳಿದರೆ ಕೆಟ್ಟಿತು. ನನ್ನಂಥವನಿಗೆ ಇದಕ್ಕಿಂತ ಹಬ್ಬ ಬೇರೆ ಬೇಕೆ? ಕಳೆದ ಸುಗ್ಗಿಯಲ್ಲಿ ಜೊತೆಯ ಉಪನ್ಯಾಸಕರೊಬ್ಬರು ಗಡಿಯಾಚೆಯ ಹುಡುಗರು ಮಾಡಿದ ಮರಾಠಿ ಆಲ್ಬಮ್ ಒಂದನ್ನು ಕಳಿಸಿದರು. ಮುಚ್ಚಿಹೋದ ಬಟ್ಟೆಗಿರಣಿಯ ಕತೆ, ಹತ್ತು ಹಾಡು. ವಾರವಿಡೀ ಕಾದಿಟ್ಟುಕೊಂಡು, ಐತವಾರ ಮಾಮಾನ ತೋಟದಲ್ಲಿ ನಿರಾಳವಾಗಿ ಕೇಳೋಣವೆಂದು ಬಸ್ಸು ಹತ್ತಿದೆ.

ಇನ್ನು ಬಾವಿಯ ವಿಷಯ. ಮಾಮಾನದು ಕಲ್ಲು ಕಟ್ಟಿದ ಹಳೆಯ ಬಾವಿ, ಆಳ. ಒಳಗೆ ಅರ್ಧದಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಮೋಟಾರು. ಅಲ್ಲಿಂದ ಒಂದು ಕಬ್ಬಿಣದ ಪೈಪು ಕೆಳಗೆ ನೀರಿಗೆ, ಇನ್ನೊಂದು ಮೇಲಕ್ಕೆ ಬಯಲಿಗೆ. ನೀರಿನಲ್ಲಿರುವ ಪೈಪಿನ ತುದಿಗೆ ಒಂದು ಜಾಳಿಗೆ. ನಮ್ಮ ಕಡೆ ಎಲ್ಲರೂ ಅದನ್ನು ಫುಟ್‌ಬಾಲ್ ಅನ್ನುತ್ತಾರೆ. ಎಲೆ, ಕಸ ಸಿಕ್ಕಿಕೊಂಡು ಅದು ಕಟ್ಟಿದರೆ ಯಾರಾದರೂ ಇಳಿದು ಬಿಡಿಸಬೇಕು. ಇಳಿದವನು ಕೂಗಿದರೆ ಮೇಲಿದ್ದವನಿಗೆ ತಿಳಿಯುವುದಿಲ್ಲ. ಬಾವಿಯೊಳಗೆ ಮಾತು ಸುತ್ತಿ ಸುತ್ತಿ ಬರೀ ಗುಂಯ್ ಎಂದು ಮೇಲೆ ಬರುತ್ತದೆ. ಅದಕ್ಕೇ ಅಜ್ಜನ ಕಾಲದಿಂದ ಪೈಪನ್ನು ಬಡಿಯುವ ರೂಢಿ. ಕೆಳಗಿದ್ದವನ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇದ್ದೇ ಇರುತ್ತದೆ, ಅದರಿಂದ ಬಡಿಯುತ್ತಾನೆ. ಮೇಲಿದ್ದವನು ಕಲ್ಲಿನಿಂದ ಒಂದು ಏಟು ಹಾಕಿ ಉತ್ತರ ಕೊಡುತ್ತಾನೆ.

ಯಾವಾಗಲೂ ಮೇಲೆ ಕೂರುತ್ತಿದ್ದವರು ಪಕ್ಕದ ತೋಟದವರು. ಅವತ್ತು ಅವರು ಅಥಣಿಗೆ ಮದುವೆಗೆ ಹೋಗಿದ್ದರು. ಕಬ್ಬಿಗೆ ನೀರು ಬಿಡುವ ಪಾಳಿ ತಪ್ಪುತ್ತದೆಂದು ಮಾಮಾನಿಗೆ ಅವಸರ. ಊಟವಾಗಿ ನಾನು ಕಿವಿಗೆ ಸಿಕ್ಕಿಸುವ ಎರಡು ಬಿಳಿ ಗುಂಡಿಗಳನ್ನು ತೆಗೆದು, ನೋಟ್‌ಬುಕ್ಕು ಬಿಚ್ಚಿ ಕೂತಿದ್ದೆ. ಎರಡು ಹಾಡು ಆಗಿತ್ತು: ಆರು, ಏಳು. ಮೂರನೆಯದು ನಡೆದಿತ್ತು. ಮಾಮಾ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದು, ‘ಮಾಸ್ತರ, ಬಾ ಸ್ವಲ್ಪ’ ಎಂದರು. ನಾನು ಕೈ ಎತ್ತಲಿಲ್ಲ, ಅಷ್ಟು ಮಾತ್ರ ನನ್ನ ಪರವಾಗಿ ಬರೆದುಕೊಳ್ಳಿ. ಮೂರನೆಯದು ಮುಗಿಯಲು ಬಿಟ್ಟು, ಆರೂವರೆ ಎಂದು ಬರೆದು, ನಿಲ್ಲಿಸಬಾರದೆಂಬ ನಿಯಮವನ್ನು ಮೊದಲ ಬಾರಿಗೆ ಮುರಿದು ಎದ್ದೆ. ಪುಸ್ತಕವನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋದೆ.

ಬಾವಿಯ ದಂಡೆಯಲ್ಲಿ ಮಾಮಾ ತಿಳಿಸಿ ಹೇಳಿದರು.

‘ಒಂದು ಬಡದ್ರ ಆರಾಮ ಅದೀನಿ ಅಂತ. ಎರಡು ಬಡದ್ರ ಹಗ್ಗ ಸಡ್ಲ ಬಿಡು. ಮೂರು ಬಡದ್ರ ಜಗ್ಗು. ನೀ ಮ್ಯಾಲಿಂದ ಒಂದು ಬಡಿ, ಕೇಳ್ತು ಅಂತ ತಿಳಕೋತೀನಿ. ಅಷ್ಟ ಕೆಲಸ. ಇದಕ್ಕ ಎಂ.ಎಸ್ಸಿ. ಬೇಕಾಗಿಲ್ಲ.’

ಸುಮತಿ ಮಾಮಿ ಅಂಗಳದಿಂದಲೇ, ಹುಡುಗಗೆ ಸುಮ್ಮನೆ ಯಾಕ್ರಿ, ನಾಳೆ ಮಾಡಿದರಾಗದೇ ಎಂದು ಕೇಳಿದರು. ಮಾಮಾ ಆಗಲೇ ಇಳಿಯುತ್ತಿದ್ದರು. ಹತ್ತು ನಿಮಿಷ ಎಲ್ಲ ಸರಿಯಾಗೇ ಇತ್ತು. ಒಂದು ಏಟು, ಒಂದು ಉತ್ತರ. ಎರಡು ಏಟು, ಹಗ್ಗ ಸಡಿಲ. ಆಮೇಲೆ ಹಗ್ಗ ಪೂರ್ತಿ ಹಗುರಾಯಿತು. ಕೆಲಸಕ್ಕೆ ಅಡ್ಡ ಬರುತ್ತದೆಂದು ಸೊಂಟದಿಂದ ಬಿಚ್ಚಿದ್ದಾರೆ ಎಂದುಕೊಂಡೆ. ಅದು ನಿಜವೂ ಆಗಿತ್ತು. ಬಹಳ ಹೊತ್ತು ಸದ್ದಿಲ್ಲ. ಬಾವಿಯ ದಂಡೆಗೆ ಕೂತು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡೆ. ಒಂದೇ ಕಿವಿಗೆ ಹಾಕಿಕೊಳ್ಳೋಣ, ಇನ್ನೊಂದು ಕಿವಿ ಮಾಮಾನಿಗೆ ಎಂದು ಲೆಕ್ಕ ಹಾಕಿದೆ. ನಾಲ್ಕನೆಯ ಹಾಡು ಎಂಥ ಸೊಗಸಾಗಿ ಶುರುವಾಯಿತೆಂದರೆ, ಒಂದು ವಾದ್ಯ ಎಡಗಿವಿಯಲ್ಲಿ ಕೇಳಿ ಬಲಗಿವಿಗೆ ದಾಟುತ್ತಿದೆ ಎಂದು ತಿಳಿಯಿತು. ದಾಟಿದ್ದು ಎಲ್ಲಿಗೆ ಎಂದು ನೋಡಲು ಎರಡನೆಯ ಗುಂಡಿಯನ್ನೂ ಹಾಕಿದೆ. ಅಂಚಿನಲ್ಲಿ ೩.೨೨ ಎಂದು ಬರೆದೆ.

ಗಿರಣಿ ಮುಚ್ಚಿದ ಮೇಲೆ ಮುದುಕ ಕಾವಲುಗಾರನೊಬ್ಬ ಖಾಲಿ ಶೆಡ್ಡಿನಲ್ಲಿ ತಿರುಗಾಡುವ ಹಾಡು ಅದು. ಮೊದಲ ಚರಣ ಮುಗಿಯುವ ಹೊತ್ತಿಗೆ ದೂರದಲ್ಲಿ ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಸದ್ದು. ಠಣ್ ಠಣ್ ಠಣ್. ಸ್ವಲ್ಪ ಬಿಟ್ಟು ಮತ್ತೆ ಮೂರು. ನಾನು ತಲೆದೂಗಿದೆ. ಈ ಹುಡುಗರು ಎಷ್ಟು ಬುದ್ಧಿವಂತರು, ನಿಂತುಹೋದ ಯಂತ್ರದ ನೆನಪನ್ನು ತಾಳವಾಗಿ ಇಟ್ಟಿದ್ದಾರಲ್ಲ ಎಂದುಕೊಂಡೆ. ಹಾಡು ಮುಗಿಯಿತು. ಬರೆದೆ: ‘ಹಿನ್ನೆಲೆಯಲ್ಲಿ ಕಬ್ಬಿಣದ ಸದ್ದು ಬಹಳ ಸಹಜ. ಎಂಟು. ಸದ್ದಿಗಾಗಿ ಅರ್ಧ ಅಂಕ ಹೆಚ್ಚು.’

ಎರಡು ಹಾಡುಗಳ ನಡುವೆ ಒಂದಿಷ್ಟು ಮೌನವಿರುತ್ತದಲ್ಲ, ಆ ಮೌನದಲ್ಲೂ ಸದ್ದು ಬಂತು. ಆಗಲೂ ನನಗೆ ಹೊಳೆಯಲಿಲ್ಲ. ತಾಳವನ್ನು ಮುಂದಿನ ಹಾಡಿಗೆ ದಾಟಿಸುತ್ತಿದ್ದಾರೆ, ಭಲೆ ಎಂದುಕೊಂಡೆ. ಐದನೆಯದು ಕೊಳಲಿನಿಂದ ಶುರುವಾಯಿತು. ಕೊಳಲಿನ ಲಯ ಒಂದು ಕಡೆ, ಠಣ್ ಠಣ್ ಇನ್ನೊಂದು ಕಡೆ. ಮೂರಿದ್ದದ್ದು ಎರಡಾಯಿತು, ಎರಡರಲ್ಲೂ ಒಂದು ಬರೀ ಸವರಿದಂತೆ. ಇಷ್ಟು ಬೇತಾಳ ಯಾರೂ ಬಾರಿಸುವುದಿಲ್ಲ ಎಂದು ಪರೀಕ್ಷಕನಿಗೆ ಅನಿಸಿತು ನೋಡಿ, ಆಗ ಕಿವಿಯಿಂದ ಎರಡನ್ನೂ ಕಿತ್ತೆಸೆದೆ.

ಬಗ್ಗಿ ನೋಡಿದರೆ ಕಟ್ಟೆಯ ಅಂಚಿನ ಕಲ್ಲು ಇರಲಿಲ್ಲ. ಮಾಮಾ ನೀರಿನ ಮೇಲೆ ಪೈಪಿನ ತಿರುವಿಗೆ ಒಂದು ತೋಳು ಸುತ್ತಿ ನೇತಾಡುತ್ತಿದ್ದರು. ಇನ್ನೊಂದು ಕೈಯಲ್ಲಿ ಪಾನಾ. ಜಾರಿದ ಕಲ್ಲು ಮೊಣಕಾಲ ಕೆಳಗೆ ಬಿದ್ದು ಎಲುಬು ಮುರಿದಿತ್ತು. ಈಜು ಬಲ್ಲವರು, ಆದರೆ ಆ ಕಾಲಿನಲ್ಲಿ ಈಜುವಂತಿರಲಿಲ್ಲ. ನಾನು ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟು ಕಿರುಚಿದೆ. ಏನು ಕಿರುಚಿದೆನೋ. ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರಿದ್ದರು, ಗಡಿಯಾಚೆಯಿಂದ ಬಂದವರು. ಅವರು ಓಡಿ ಬಂದರು. ಮುಂದೆ ಬಂದವಳು ಒಬ್ಬ ನಡುವಯಸ್ಸಿನ ಹೆಂಗಸು. ಕುಡುಗೋಲು ಎಸೆದು ನನ್ನ ಹಿಂದೆ ಹಗ್ಗ ಹಿಡಿದು, ‘ಸೋಡೂ ನಕಾ ಮಾಸ್ತರ’ ಎಂದಳು, ಬಿಡಬೇಡಿ ಎಂದು. ಅವಳ ಗಂಡ ಇನ್ನೊಂದು ಹಗ್ಗ ಕಟ್ಟಿಕೊಂಡು ಇಳಿದ. ಹೇಗೋ ಮಾಮಾನನ್ನು ಮೇಲೆ ತಂದರು. ತಂದವರು ಅವರು, ನಾನು ಹಗ್ಗದ ಒಂದು ಕಡೆ ನೇತುಬಿದ್ದಿದ್ದೆ ಅಷ್ಟೆ.

ಗಾಡಿ ತರಿಸಿ ಮಾಮಾನನ್ನು ಹತ್ತಿಸುವಾಗ ಆ ಹೆಂಗಸು ನನ್ನ ಬಳಿ ಬಂದಳು. ಮಣ್ಣಿನಲ್ಲಿ ಬಿದ್ದಿದ್ದ ಬಿಳಿ ಗುಂಡಿಗಳನ್ನು ಆರಿಸಿ, ಸೆರಗಿನಿಂದ ಒರೆಸಿ, ನನ್ನ ಅಂಗೈಯಲ್ಲಿಟ್ಟಳು. ಒಂದರಲ್ಲಿ ಇನ್ನೂ ಸಣ್ಣಗೆ ಹಾಡು ಬರುತ್ತಿತ್ತು. ನನ್ನ ಮುಖ ನೋಡಿದಳು. 

ರಾಯಬಾಗದ ದವಾಖಾನೆಯಲ್ಲಿ ಪ್ಲಾಸ್ಟರು ಹಾಕಿ ಮಾಮಾನನ್ನು ಮನೆಗೆ ಕಳಿಸಿದರು. ನೋಡಲು ಬಂದವರಿಗೆಲ್ಲ ಮಾಮಿ ನನ್ನ ಕಡೆ ಕೈ ತೋರಿಸಿ ಹೇಳುತ್ತಿದ್ದದ್ದು ಒಂದೇ ಮಾತು: ‘ಭರತ ಇದ್ದದ್ದಕ್ಕ ಆತ್ರಿ. ಇಲ್ಲಾಂದ್ರ ನನ್ನ ಕುಂಕಮಾ ಹೋಗತಿತ್ತು.’ ಪ್ರತಿ ಐತವಾರ ನನಗಾಗಿ ಹೋಳಿಗೆ ತಟ್ಟಿದರು. ಜೈನರ ಮನೆ, ಹೊತ್ತು ಮುಳುಗುವ ಮೊದಲು ಉಣ್ಣಬೇಕಲ್ಲ, ನಾಲ್ಕೂವರೆಗೇ ಎಲೆ ಹಾಕಿ ಮೊದಲು ನನಗೆ ಬಡಿಸಿ, ಆಮೇಲೆ ಮಾಮಾನಿಗೆ. ವಾಪಸು ಹೊರಟಾಗ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ನಾನು ಉಂಡೆ. ಎರಡನೆಯ ಸಲ ಹಾಕಿಸಿಕೊಂಡೂ ಉಂಡೆ. ನಾಚಿಕೆಗೆ ಹಸಿವು ಹೋಗುತ್ತದೆ ಎಂದು ಬರೆಯುವವರು ಮಾಮಿಯ ಹೋಳಿಗೆ ತಿಂದವರಲ್ಲ.

ಮಾಮಾ ಆ ದಿನದ ಬಗ್ಗೆ ಬಹಳ ಮಾತಾಡುತ್ತಿರಲಿಲ್ಲ. ಯಾರಾದರೂ ಎಷ್ಟು ಹೊತ್ತು ಹಾಗೆ ಇದ್ದಿರಿ ಎಂದರೆ, ಎಲ್ಲಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹಗ್ಗ ಬಂತು ಎನ್ನುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಆಮೇಲೆ ಊರಿನ ತರುಣ ಮಂಡಳದವರು ಸತ್ಕಾರ ಇಟ್ಟುಕೊಂಡರು. ಬೇಡವೆಂದೆ. ದೊಡ್ಡವರು ಹೀಗೇ ಬೇಡ ಅನ್ನುವುದು ಎಂದರು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಫ್ಲೆಕ್ಸು ಬಂತು, ಕೈಕಟ್ಟಿ ನಿಂತ ನನ್ನ ಹಿಂದೆ ಯಾವುದೋ ಜಲಪಾತ, ಮೇಲೆ ‘ಜೀವರಕ್ಷಕ’ ಎಂಬ ದಪ್ಪ ಅಕ್ಷರ, ಮರಾಠಿಯಲ್ಲೂ ಒಮ್ಮೆ. ವೇದಿಕೆಯ ಮೇಲೆ ನನಗೆ ಕೇಸರಿ ಫೇಟಾ ಸುತ್ತಿದರು. ನನ್ನ ತಲೆ ಸಣ್ಣದು, ಅದು ಜಾರಿ ಎರಡೂ ಕಿವಿ ಮುಚ್ಚಿತು. ಅಷ್ಟಾದರೂ ಅಧ್ಯಕ್ಷರ ಭಾಷಣ ಕೇಳಿಸಿತು. ವಿಜ್ಞಾನ ಓದಿದವರ ಕಿವಿಯೆಂದರೆ ಇದು, ಬಾವಿಯ ತಳದಿಂದ ಬಂದ ಸಣ್ಣ ಸದ್ದನ್ನು ಗುರುತು ಹಿಡಿದದ್ದು ಈ ಕಿವಿ ಎಂದು ಅವರು ಫೇಟಾದ ಕಡೆ ಕೈ ತೋರಿಸಿದರು. ಚಪ್ಪಾಳೆ. ನಾನು ಎದ್ದು ಎರಡು ಮಾತಾಡಿದೆ. ‘ಇದು ನನ್ನ ಕರ್ತವ್ಯ’ ಅಂದೆ. ಹೌದು, ಹಾಗೇ ಅಂದೆ. ಈ ಪ್ರಬಂಧದಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದ ವಾಕ್ಯ ಇದೇ. ಗ್ಯಾಂಗಿನವರು ಅಷ್ಟರಲ್ಲಿ ಕಾಗವಾಡದ ಕಡೆಯ ಕಬ್ಬಿಗೆ ಹೋಗಿದ್ದರು; ಅವರನ್ನು ಯಾರೂ ಕರೆದಿರಲಿಲ್ಲ, ಕರೆಯಿರಿ ಎಂದು ನಾನೂ ಹೇಳಿರಲಿಲ್ಲ.

ನಿದ್ದೆ ಹೋಯಿತು. ಕಣ್ಣು ಹತ್ತಿದ ಕೂಡಲೇ ಮೂರು ಏಟು, ಎದ್ದು ಕೂರುವುದು. ಚಿಕ್ಕೋಡಿಯ ನನ್ನ ಕೋಣೆಯ ಕೆಳಗೆ ಒಂದು ವೆಲ್ಡಿಂಗ್ ಅಂಗಡಿ, ಹಗಲಿನಲ್ಲೂ ಬಿಡುವಿಲ್ಲ. ಕಾಲೇಜಿನಲ್ಲಿ ಪಾಠ ಶಬ್ದದ ವೇಗಕ್ಕೆ ಬಂದಿತ್ತು. ಗಾಳಿಗಿಂತ ಕಬ್ಬಿಣದಲ್ಲಿ ಶಬ್ದ ಹದಿನೈದು ಪಟ್ಟು ವೇಗವಾಗಿ ಸಾಗುತ್ತದೆ ಎಂದು ಹಲಗೆಯ ಮೇಲೆ ಬರೆಯಬೇಕು. ಕಬ್ಬಿಣ ಎಂದು ಬರೆದು ನಿಂತೆ. ಒಬ್ಬ ಹುಡುಗಿ ಎದ್ದು, ಸರ್, ನಿಮ್ಮ ಬಾವಿಯ ಉದಾಹರಣೆ ಕೊಡಿ ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಗಂಟಲು ನೋವೆಂದು ಹೇಳಿ ಹೊರಗೆ ಬಂದೆ. ಯಾವ ಹಾಡನ್ನೂ ಕೇಳುತ್ತಿರಲಿಲ್ಲ. ಆ ಆಲ್ಬಮ್ಮಿನ ಉಳಿದ ಹಾಡುಗಳಿಗೆ ಇವತ್ತಿಗೂ ಅಂಕವಿಲ್ಲ.

ಕೊನೆಗೆ ಒಂದು ಐತವಾರ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಹೇಳಬೇಕಾದ ಮಾತು ಜೋಡಿಸಿದೆ. ಇಳಿಯುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಮಾಮಾ ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಮಾಮಿ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದರು. ನಾನು ಮಾತಾಡದೆ ಆ ಪುಟ ತೆರೆದು ಮಾಮಾನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಓದಲು ಬಾರದವರ ಮನೆಗೆ ಬಂದ ಕಾಗದ ಓದುವಂತೆ ಜೋರಾಗಿ, ನಿಧಾನವಾಗಿ ಓದಿದರು. ಹೊತ್ತು ಓದಿದರು, ಷರಾ ಓದಿದರು. ‘ಸದ್ದಿಗಾಗಿ ಅರ್ಧ ಅಂಕ ಹೆಚ್ಚು’ ಎಂಬಲ್ಲಿ ನಿಲ್ಲಿಸಿದರು. ಮಾಮಿಯ ಮೊರ ನಿಂತಿತ್ತು.

‘ಮಾಮಾ, ನನಗ ಕೇಳಸ್ತಿತ್ತು’ ಅಂದೆ. ‘ಹಾಡಿಂದ ಅಂತ ತಿಳಕೊಂಡೆ.’

ಮಾಮಾ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. ಆಮೇಲೆ ಹೇಳಿದರು.

‘ಕೆಳಗಿಂದ ನಿನ್ನ ತಲಿ ಕಾಣತಿತ್ತಲೇ. ನಾ ಬಡದಾಗೊಮ್ಮೆ ನೀ ಹೂಂ ಹೂಂ ಅಂತ ತಲಿ ಹಾಕ್ತಿದ್ದಿ. ವಾಪಸ್ ಬಡೀಲಿಲ್ಲ ಖರೆ, ಕೈಯಾಗ ಹಗ್ಗ ಇರಬೇಕು, ಅದಕ್ಕ ಬಡ್ಯಾಕ ಆಗವಲ್ದು ಅಂದ್ಕೊಂಡೆ. ಹಗ್ಗ ಬಿಡಾಕತ್ತಾನ, ಬಿಡಾಕತ್ತಾನ ಅಂತ ಹಿಡಕೊಂಡೇ ಇದ್ದೆ.’

ಇಷ್ಟು ದಿನ ನಾನು ಬಚ್ಚಿಟ್ಟದ್ದನ್ನು ಅವರು ಕೆಳಗಿನಿಂದ ನೋಡಿದ್ದರು. ನೋಡಿಯೂ ಅದನ್ನು ಒಪ್ಪಿಗೆ ಎಂದು ನಂಬಿದ್ದರು. ನಾನು ಮುಖ ಮುಚ್ಚಿಕೊಂಡೆ. ಮಾಮಾ ನನ್ನ ಬೆನ್ನ ಮೇಲೆ ಕೈಯಿಟ್ಟು, ನೀನು ತಲೆ ಹಾಕದೆ ಇದ್ದಿದ್ದರೆ ಆಗಲೇ ಕೈ ಬಿಡುತ್ತಿದ್ದೆನೋ ಏನೋ ಎಂದು ಶುರುಮಾಡಿದರು.

‘ಅವಂಗ ಸಮಾಧಾನ ಹೇಳಬ್ಯಾಡ್ರಿ’ ಎಂದರು ಮಾಮಿ. ಧ್ವನಿ ಏರಿಸಿರಲಿಲ್ಲ. ನನ್ನ ಕಡೆ ತಿರುಗಿ, ‘ಹಾಡು ಚೊಲೊ ಇತ್ತ?’ ಎಂದು ಕೇಳಿದರು.

ನಾನು ಜೇಬಿನೊಳಗಿನ ಫೋನನ್ನು ಮುಟ್ಟಿಕೊಂಡೆ.

‘ಹಚ್ಚು. ನಾನೂ ಕೇಳ್ತೀನಿ.’

ಫೋನನ್ನು ಹೊರಸಿನ ಮೇಲಿಟ್ಟು ಹಚ್ಚಿದೆ. ಆ ದಿನದ ನಂತರ ನಾನೂ ಅದನ್ನು ಕೇಳಿರಲಿಲ್ಲ. ಸದ್ದು ಎಲ್ಲಿಂದ ಬರಾಕ ಹತ್ತಿತು ಹೇಳು ಎಂದಿದ್ದರು ಮಾಮಿ. ಮೊದಲ ಚರಣ ಮುಗಿದಾಗ ಕೈ ಎತ್ತಿದೆ. ಹಾಡಿನಲ್ಲಿ ಅಲ್ಲಿ ಕಬ್ಬಿಣದ ಸದ್ದು ಇರಲೇ ಇಲ್ಲ. ಎಲ್ಲೂ ಇರಲಿಲ್ಲ. ಹಾರ್ಮೋನಿಯಂ, ಒಬ್ಬನ ಧ್ವನಿ, ಇಷ್ಟೇ, ಉಳಿದದ್ದೆಲ್ಲ ಮಾಮಾನದು. ಮಾಮಿ ಮಾಮಾನ ಮುಖವನ್ನೇ ನೋಡುತ್ತ ಕೂತರು. ಮಾಮಾ ಬೇವಿನ ಕೊಂಬೆ ನೋಡುತ್ತಿದ್ದರು. ಎರಡನೆಯ ಚರಣ ಬಂತು, ಹೋಯಿತು.

‘ಇನ್ನೂ ಐತಿ?’ ಎಂದರು ಮಾಮಿ.

ಐತಿ ಎಂದೆ. ಮತ್ತೆ ಪಲ್ಲವಿ. ಮತ್ತೆ ಹಾರ್ಮೋನಿಯಂ. ನಡು ಬಿಸಿಲಿನಲ್ಲಿ ಒಂದು ಹಾಡು ಅಷ್ಟು ಉದ್ದವಿರುತ್ತದೆಂದು ನನಗೆ ತಿಳಿದಿರಲಿಲ್ಲ. ಮೂರನೆಯ ಚರಣ ಶುರುವಾದಾಗ ಮಾಮಿ ಮತ್ತೆ, ‘ಇನ್ನೂ?’ ಎಂದರು. ನಾನು ತಲೆ ಕೂಡ ಹಾಕಲಿಲ್ಲ, ಬಾಯಿಬಿಟ್ಟು ಹೌದೆಂದೆ. ಹಾಡು ಮುಗಿಯುವ ಮೊದಲೇ ಅವರು ಎದ್ದು ಹೋಗಿ ಹೊರಸಿನ ತುದಿಗೆ ಕೂತು, ಮಾಮಾನ ಬಲತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡರು.

‘ಇಷ್ಟೊತ್ತು ಹಿಡಕೊಂಡಿದ್ರಿ? ಕಣ್ಣ ಮುಚ್ಚಿ ತಗಿಯೂದ್ರಾಗ ಬಂತು ಅಂದಿದ್ರಿ ನನಗ.’

 ಮಾಮಾನ ಗಲ್ಲ ಅದುರುತ್ತಿತ್ತು. ಬಾವಿಯಿಂದ ಮೇಲೆ ತಂದಾಗಲೂ ಅಳದಿದ್ದ ಮನುಷ್ಯ ಈಗ ಅತ್ತರು. ನಾನು ಏಳುವುದೋ ಕೂರುವುದೋ ತಿಳಿಯದೆ ಫೋನನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಂತಿದ್ದೆ.

ಮಾಮಿ ಆ ತೋಳು ಬಿಡದೆ, ನನ್ನನ್ನು ನೋಡದೆಯೇ ಹೇಳಿದರು. ‘ಆ ಫ್ಲೆಕ್ಸ್ ತಗಸು. ಇವತ್ತ ಹೋಗು. ಬಾ ಅಂತ ನಾ ಫೋನ್ ಮಾಡ್ತೀನಿ. ಮಾಡೂತನಾ ಬರಬ್ಯಾಡ.’

ಸ್ಟ್ಯಾಂಡಿಗೆ ಬಂದು, ಚಹಾದ ಅಂಗಡಿಯಿಂದ ಸ್ಟೂಲು ಕೇಳಿ ಪಡೆದು, ನನ್ನನ್ನು ನಾನೇ ಬಿಚ್ಚತೊಡಗಿದೆ. ಮಂಡಳದ ಅಧ್ಯಕ್ಷರು ಓಡಿ ಬಂದು ಯಾರಾದರೂ ಏನಾದರೂ ಅಂದರೇನ್ರಿ ಎಂದು ಗಾಬರಿಯಾದರು. ಸ್ಟೂಲಿನ ಮೇಲೆ ನಿಂತೇ ಎಲ್ಲ ಹೇಳಿದೆ: ಕಿವಿಯಲ್ಲಿ ಏನಿತ್ತು, ಎಷ್ಟು ಅಂಕ ಕೊಟ್ಟೆ, ಮಾಮಾನನ್ನು ಎತ್ತಿದವರು ಯಾರು. ಚಹಾ ಕುಡಿಯುತ್ತಿದ್ದವರು ಬಸಿ ಕೆಳಗಿಟ್ಟರು.

‘ಮೆಲ್ಲಕ ಮಾತಾಡ್ರಿ ಸರ್’ ಎಂದರು ಅಧ್ಯಕ್ಷರು, ‘ನಮ್ಮ ಮಂಡಳದ ಮರ್ಯಾದಿ ಹೋಗತೈತಿ.’

ಫ್ಲೆಕ್ಸನ್ನು ಸುರುಳಿ ಸುತ್ತಿ ಅವರ ಕೈಗೇ ಕೊಟ್ಟೆ. ಮೇವಿನ ಬಣವಿಗೆ ಹೊದಿಸಲು ಬರುತ್ತದೆ ಎಂದು ಯಾರೋ ಹಿಂದಿನಿಂದ ಹೇಳಿದರು; ಒಬ್ಬಿಬ್ಬರು ನಕ್ಕರು. ಆ ನಗೆ ನನಗೆ ಬೇಕಾಗಿತ್ತು ಎಂದರೆ ನೀವು ನಂಬಬೇಕು.

ಸಂಜೆಯ ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದೆ. ಇಷ್ಟು ವಾರಗಳಲ್ಲಿ ಮೊದಲ ಬಾರಿ ಕೈಯಲ್ಲಿ ಬುತ್ತಿ ಇರಲಿಲ್ಲ. ಎರಡು ಬಾಳೆಹಣ್ಣು ತಿಂದು, ಅಂಗಿಯನ್ನೂ ತೆಗೆಯದೆ ಅಡ್ಡಾದೆ. ಎಲ್ಲರೂ ಹೊಗಳುತ್ತಿದ್ದ ಅಷ್ಟು ದಿನ ರೆಪ್ಪೆ ಅಂಟಿಸಲಾಗದವನಿಗೆ, ತನ್ನ ಮೇಲೆ ಸರಿಯಾಗಿ ಸಿಟ್ಟಾದವರೊಬ್ಬರು ಮುಗಳಖೋಡದ ಆ ತೋಟದಲ್ಲಿದ್ದಾರೆ ಎಂಬುದು ಹಾಸಿಗೆಯಂತೆ ಅನಿಸಿತು. ಎಚ್ಚರವಾದದ್ದು ಸೋಮವಾರ. ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು, ಮೊದಲ ಪಿರಿಯಡ್ಡು ತಪ್ಪಿತ್ತು, ಫೋನಿನಲ್ಲಿ ಕಾಲೇಜಿನಿಂದ ಮೂರು ಕರೆ ಬಂದಿದ್ದವು. ಮಾಮಿಯದು ಇರಲಿಲ್ಲ.